ತೋಟದ ರಸ್ತೆಗೆ ಎಸ್‌ಯುವಿ: ಗ್ರೌಂಡ್ ಕ್ಲಿಯರೆನ್ಸ್ ಒಂದನ್ನೇ ನೋಡಿದರೆ ಸಾಕೇ?

ತೀರ್ಥಹಳ್ಳಿ ತೋಟ

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ಹೆದ್ದಾರಿಯಿಂದ ಸುಮಾರು ಒಂದೂವರೆ ಕಿಲೋಮೀಟರ್ ಒಳಗಿದೆ. ಡಾಂಬರು ಮುಗಿದ ಮೇಲಿನ ದಾರಿಯಲ್ಲಿ ಮೂರು ಕಡೆ ತೊಂದರೆಯಿದೆ. ಮೊದಲನೆಯದು, ಮಳೆನೀರು ರಸ್ತೆಯುದ್ದಕ್ಕೂ ಹರಿದು ಕೊರೆಯದಿರಲೆಂದು ಅಡ್ಡಲಾಗಿ ಹಾಕಿಸಿರುವ ಮಣ್ಣಿನ ಒಡ್ಡು. ಇದು ಒಂದು ಗೇಣಿಗಿಂತ ತುಸು ಎತ್ತರವಿದ್ದು, ಬುಡದಲ್ಲಿ ಒಂದು ಮೀಟರಿನಷ್ಟು ಅಗಲವಿದೆ. ಎರಡನೆಯದು, ಬೇಸಗೆಯಲ್ಲಿ ಒಣಗಿರುವ ಸಣ್ಣ ಹಳ್ಳ. ಅದರ ಎರಡೂ ದಂಡೆ ಕಡಿದಾಗಿವೆ. ಮೂರನೆಯದು, ಟ್ರ್ಯಾಕ್ಟರು ಮತ್ತು ಪಿಕಪ್‌ಗಳು ಓಡಾಡಿ ಆಳವಾದ ಜಾಡು ಬಿದ್ದಿರುವ ಏರು. ಅಲ್ಲಿ ಒಂದು ಬದಿಗೆ ಧರೆ, ಇನ್ನೊಂದು ಬದಿಗೆ ಚರಂಡಿ ಇವೆ.

ಈಗಿರುವುದು ಹಳೆಯ ಬೊಲೆರೋ. ಅದರ ಗ್ರೌಂಡ್ ಕ್ಲಿಯರೆನ್ಸ್ 180 ಮಿಲಿಮೀಟರ್ ಎಂದು ಕಂಪನಿ ಹೇಳುತ್ತದೆ. ಹಬ್ಬಕ್ಕೆ ಬಂದಿದ್ದ ನಮ್ಮ ಷಡ್ಡಕರ ಹೊಸ ಕ್ರಾಸೋವರ್ ಕಾರಿಗೆ 200ಕ್ಕೂ ಹೆಚ್ಚು. ಹೀಗಿದ್ದರೂ ಆ ಕಾರು ಮೊದಲ ಒಡ್ಡಿನಲ್ಲಿಯೇ ಹೊಟ್ಟೆ ತಾಗಿಸಿಕೊಂಡು ನಿಂತಿತು; ಬೊಲೆರೋ ಅದೇ ಒಡ್ಡನ್ನು ದಿನವೂ ದಾಟುತ್ತದೆ. 180 ದಾಟುವಲ್ಲಿ 200 ಏಕೆ ದಾಟುವುದಿಲ್ಲ? ಬೊಲೆರೋ ಕೊಟ್ಟು ಬೇರೆ ಗಾಡಿ ಕೊಳ್ಳುವ ಆಲೋಚನೆಯಿರುವುದರಿಂದ, ಕಂಪನಿಗಳು ಕೊಡುವ ಸಂಖ್ಯೆಗಳನ್ನು ಓದುವುದು ಹೇಗೆಂದು ತಿಳಿದವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉಪನ್ಯಾಸಕ, ಶಿವಮೊಗ್ಗ

ತಮ್ಮ ಪ್ರಶ್ನೆಯಲ್ಲಿಯೇ ಅರ್ಧ ಉತ್ತರವಿದೆ. ವಾಹನದ ಅತ್ಯಂತ ತಗ್ಗಿನ ಭಾಗಕ್ಕೂ ನೆಲಕ್ಕೂ ಇರುವ ಅಂತರವೇ ಗ್ರೌಂಡ್ ಕ್ಲಿಯರೆನ್ಸ್. ಆದರೆ ಆ ತಗ್ಗಿನ ಭಾಗ ವಾಹನದಲ್ಲಿ ಎಲ್ಲಿದೆ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಬೊಲೆರೋದಂತಹ, ಚಾಸಿಯ (ಕೆಳಗಿನ ಉಕ್ಕಿನ ಚೌಕಟ್ಟಿನ) ಮೇಲೆ ಬಾಡಿ ಕೂರಿಸಿದ, ಹಿಂದೆ ಇಡೀ ಆಕ್ಸಲ್ (ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ದಂಡ) ಇರುವ ಗಾಡಿಗಳಲ್ಲಿ ಅತ್ಯಂತ ತಗ್ಗಿನ ಭಾಗವೆಂದರೆ ಹಿಂಚಕ್ರಗಳ ನಡುವಿನ ಡಿಫರೆನ್ಷಿಯಲ್ ಹೌಸಿಂಗ್, ಅಂದರೆ ಎಳೆತವನ್ನು ಎರಡೂ ಚಕ್ರಗಳಿಗೆ ಹಂಚುವ ಗೇರುಗಳ ಕವಚ. ಚಕ್ರಗಳು ಒಡ್ಡನ್ನು ಏರಿದಾಗ ಹೌಸಿಂಗ್ ಕೂಡ ಅವುಗಳ ಜೊತೆಯಲ್ಲಿಯೇ ಏರುತ್ತದೆ. ಆದ್ದರಿಂದ ರಸ್ತೆಗೆ ಅಡ್ಡಲಾಗಿರುವ ಒಡ್ಡಿಗೆ ಅದು ತಾಗುವ ಪ್ರಶ್ನೆಯೇ ಬಹುಮಟ್ಟಿಗೆ ಏಳುವುದಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಮುಂಚಕ್ರ ಒಡ್ಡನ್ನು ದಾಟಿ ಇಳಿದು, ಹಿಂಚಕ್ರ ಇನ್ನೂ ಏರದೆ ಇರುವಾಗ ನಡುಭಾಗ ಎಷ್ಟು ಎತ್ತರದಲ್ಲಿದೆ ಎಂಬುದು. ಚಾಸಿ ಇರುವ ಗಾಡಿಗಳ ಹೊಟ್ಟೆ ಸಾಮಾನ್ಯವಾಗಿ ಹೌಸಿಂಗ್‌ಗಿಂತ ಬಹಳ ಮೇಲಿರುತ್ತದೆ. ತಮ್ಮ ಷಡ್ಡಕರ ಕಾರು ಮಾನೋಕಾಕ್ ಕಟ್ಟಡದ್ದು, ಅಂದರೆ ಬೇರೆ ಚಾಸಿಯಿಲ್ಲದೆ ಬಾಡಿಯೇ ಚೌಕಟ್ಟಾಗಿರುವಂಥದ್ದು. ಅದರಲ್ಲಿ ಸೈಲೆನ್ಸರ್ ಕೊಳವೆ, ಪೆಟ್ರೋಲ್ ಟ್ಯಾಂಕ್, ಕೆಳಗಿನ ಹೊದಿಕೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಹರಡಿಕೊಂಡಿರುತ್ತವೆ. ಅಲ್ಲಿ 200 ಎಂದರೆ ಉದ್ದಕ್ಕೂ ಅಷ್ಟೇ. ಒಂದು ಗೇಣು ಎಂದರೆ ಸುಮಾರು 230 ಮಿಲಿಮೀಟರ್. ತಾಗದೆ ಇರಲು ಸಾಧ್ಯವೇ ಇಲ್ಲ.

ಮೂರನೆಯ ಜಾಗದಲ್ಲಿ ಲೆಕ್ಕ ತಿರುವುಮುರುವಾಗುತ್ತದೆ. ಎರಡು ಜಾಡುಗಳ ನಡುವೆ ಉದ್ದಕ್ಕೂ ದಿಣ್ಣೆ ಎದ್ದಿರುವ ಕಡೆ ಚಕ್ರಗಳು ತಗ್ಗಿನಲ್ಲಿ ಓಡುತ್ತವೆ, ಹೌಸಿಂಗ್ ದಿಣ್ಣೆಯ ಮೇಲೆ ಉಜ್ಜುತ್ತದೆ. ಬೊಲೆರೋದ 180 ಕಷ್ಟ ಕೊಡುವುದು ಅಲ್ಲಿ. ಅಂದರೆ ಅಡ್ಡ ಅಡಚಣೆಗೆ ಹೊಟ್ಟೆಯ ಎತ್ತರವನ್ನು ನೋಡಬೇಕು, ಉದ್ದ ಅಡಚಣೆಗೆ ಹೌಸಿಂಗ್‌ನ ಎತ್ತರವನ್ನು ನೋಡಬೇಕು. ಒಂದೇ ಸಂಖ್ಯೆ ಎರಡಕ್ಕೂ ಉತ್ತರ ಕೊಡಲಾರದು.

ಇನ್ನು ಕೋನಗಳು. ಮುಂದಿನ ಟಯರಿಗೆ ತಾಗಿಕೊಂಡು ಮುಂಬಂಪರಿನ ಕೆಳ ಅಂಚಿಗೆ ಎಳೆದ ಗೆರೆ ನೆಲದೊಂದಿಗೆ ಮಾಡುವುದು ಅಪ್ರೋಚ್ ಕೋನ. ಹಿಂಭಾಗದಲ್ಲಿ ಅದೇ ರೀತಿ ಅಳೆದರೆ ಡಿಪಾರ್ಚರ್ ಕೋನ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಹೊಟ್ಟೆ ತಾಗದಂತೆ ದಾಟಬಹುದಾದ ದಿಬ್ಬದ ನೆತ್ತಿಯ ಮಡಿಕೆ, ಅಂದರೆ ಅದರ ಎರಡೂ ಬದಿಯ ಇಳಿಜಾರುಗಳ ಮೊತ್ತ, ಬ್ರೇಕೋವರ್ ಕೋನ. ಈ ಕೊನೆಯದು ಹೊಟ್ಟೆಯ ಎತ್ತರವನ್ನು ಮಾತ್ರವಲ್ಲದೆ ವೀಲ್‌ಬೇಸನ್ನೂ (ಮುಂಚಕ್ರದಿಂದ ಹಿಂಚಕ್ರದವರೆಗಿನ ಅಂತರ) ಅವಲಂಬಿಸಿದೆ. ಮಾರುತಿಯ ಜಿಮ್ನಿಯನ್ನು ನೋಡಿ. ನಮ್ಮಲ್ಲಿ ಮಾರಾಟಕ್ಕೆ ಬಾರದ ಮೂರು ಬಾಗಿಲಿನ ಮಾದರಿಯ ವೀಲ್‌ಬೇಸ್ 2250 ಮಿಲಿಮೀಟರ್, 2023ರಲ್ಲಿ ನಮ್ಮಲ್ಲಿ ಬಂದ ಐದು ಬಾಗಿಲಿನದು 2590. ಎರಡಕ್ಕೂ ಗ್ರೌಂಡ್ ಕ್ಲಿಯರೆನ್ಸ್ 210. ಆದರೆ ಬ್ರೇಕೋವರ್ ಕೋನ ಮೊದಲನೆಯದಕ್ಕೆ 28 ಡಿಗ್ರಿ, ಎರಡನೆಯದಕ್ಕೆ 24. ಮಹೀಂದ್ರಾದ ಥಾರ್ ಮತ್ತು ಅದರ ಉದ್ದನೆಯ ರೂಪವಾದ ಥಾರ್ ರಾಕ್ಸ್ ನಡುವೆಯೂ ಇದೇ ಕಥೆ: 2450 ಇದ್ದ ವೀಲ್‌ಬೇಸ್ 2850 ಆದಾಗ ಅಪ್ರೋಚ್ ಕೋನ 41 ಡಿಗ್ರಿಯ ಮೇಲೆಯೇ ಉಳಿಯಿತು, ಡಿಪಾರ್ಚರ್ 36ರ ಆಸುಪಾಸಿನಲ್ಲಿಯೇ ನಿಂತಿತು, ಬ್ರೇಕೋವರ್ ಮಾತ್ರ 26ರ ಮೇಲಿದ್ದದ್ದು 23.9ಕ್ಕೆ ಇಳಿಯಿತು.

ಗಣಿತ ಬಲ್ಲವರು ಇಲ್ಲೊಂದು ಸ್ವಾರಸ್ಯವನ್ನು ಗಮನಿಸಬಹುದು. ಜಿಮ್ನಿಯ ಹೊಟ್ಟೆಯೇ 210 ಮಿಲಿಮೀಟರ್ ಎತ್ತರದಲ್ಲಿದೆ ಎಂದುಕೊಂಡು, ಟಯರು ನೆಲ ಮುಟ್ಟುವ ಬಿಂದುವಿನಿಂದ ಲೆಕ್ಕ ಹಾಕಿದರೆ ಐದು ಬಾಗಿಲಿನದಕ್ಕೆ ಸಿಗುವುದು 18 ಡಿಗ್ರಿಯ ಸುಮಾರು. ಕಂಪನಿ ಕೊಡುವುದು 24. ಈ ವ್ಯತ್ಯಾಸಕ್ಕೆ ಒಂದು ಕಾರಣ, ಕೋನವನ್ನು ಅಳೆಯುವುದು ಟಯರಿನ ದುಂಡಿಗೆ ತಾಗುವ ಗೆರೆಯಿಂದ. ಇನ್ನೊಂದು ಕಾರಣ, 210 ಎಂಬುದು ಆಕ್ಸಲ್ ಬಳಿಯ ಅಳತೆ. ಹೊಟ್ಟೆ ಅದಕ್ಕಿಂತ ಮೇಲಿದೆ.

ನಿಟ್ಟೂರು ಜೀಪು

ಸರ್ ಬರೆದದ್ದು ಸರಿಯಾಗಿದೆ, ನಾನು ಸ್ಟಿಯರಿಂಗ್ ಹಿಡಿದವನ ಮಾತನ್ನು ಸೇರಿಸುತ್ತೇನೆ. ಕೊಡಚಾದ್ರಿಯ ಎತ್ತರ 1343 ಮೀಟರ್. ಕಟ್ಟಿನಹೊಳೆ ಕಡೆಯಿಂದ ಮೇಲಕ್ಕೆ ಹೋಗುವ ದಾರಿಯಲ್ಲಿ ಮಳೆ ಮುಗಿದ ಮೇಲೆ ಉಳಿಯುವುದು ಕಲ್ಲು ಮತ್ತು ಕೊರಕಲು. ನಾವು ಇಂದಿಗೂ ಹಳೆಯ ಜೀಪುಗಳನ್ನು ಇಟ್ಟುಕೊಂಡಿರುವುದು ಪ್ರೀತಿಯಿಂದಷ್ಟೇ ಅಲ್ಲ. ಅವುಗಳ ಮುಂಚಕ್ರ ಗಾಡಿಯ ಮೂತಿಯಲ್ಲಿಯೇ ಇದೆ, ಅದರ ಮುಂದೆ ಬಂಪರಿನ ಒಂದು ಪಟ್ಟಿ ಬಿಟ್ಟರೆ ಮತ್ತೇನೂ ಇಲ್ಲ. ಕಲ್ಲಿಗೆ ಮೊದಲು ಮುಟ್ಟುವುದು ಟಯರು. ಈಗಿನ ಕಾರುಗಳಲ್ಲಿ ರೇಡಿಯೇಟರು, ಫ್ಯಾನು, ಪಾದಚಾರಿಗಳ ಸುರಕ್ಷತೆಗೆಂದು ಮಾಡಿದ ಮೆದು ಬಂಪರು, ಎಲ್ಲವೂ ಚಕ್ರಕ್ಕಿಂತ ಮುಂದೆ ಚಾಚಿಕೊಂಡಿರುತ್ತವೆ. ಹಳ್ಳಕ್ಕೆ ಇಳಿದು ಆಚೆ ದಂಡೆ ಏರುವ ಹೊತ್ತಿಗೆ ಮೊದಲು ಮುಟ್ಟುವುದು ಪ್ಲಾಸ್ಟಿಕ್.

ಆದರೆ ಗಿಡ್ಡ ವೀಲ್‌ಬೇಸ್ ಎಲ್ಲದಕ್ಕೂ ಮದ್ದು ಎಂಬಂತೆ ಓದುಗರು ತಿಳಿಯಬಾರದು. ಗಿಡ್ಡ ಗಾಡಿ ದಿಬ್ಬ ದಾಟುತ್ತದೆ, ನಿಜ; ಪಾಚಿ ಹಿಡಿದ ಇಳಿಜಾರಿನಲ್ಲಿ ಅದೇ ಗಿಡ್ಡ ಗಾಡಿ ಬೇಗನೆ ಅಡ್ಡ ತಿರುಗುತ್ತದೆ. ಕಡಿದಾದ ಏರಿನಲ್ಲಿ ಮುಂಚಕ್ರ ಹಗುರಾಗಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಉದ್ದ ಗಾಡಿ ಅಲ್ಲಿ ನೆಮ್ಮದಿಯಾಗಿ ನಡೆಯುತ್ತದೆ. ತೋಟದವರ ರಸ್ತೆಯಲ್ಲಿ ಏರು ಎಷ್ಟು ಉದ್ದವಿದೆ, ಮಣ್ಣು ಯಾವುದು ಎಂಬುದನ್ನು ಹೇಳಿದರೆ ಒಳ್ಳೆಯದು.

ಹೊಸನಗರದ ಹುಡುಗ

ಅಪ್ರೋಚ್ ಕೋನ 41 ಡಿಗ್ರಿ ಎಂದರೆ 41 ಡಿಗ್ರಿಯ ಗುಡ್ಡವನ್ನು ಏರಬಹುದು ಎಂದಲ್ಲವೇ?

ಉಪನ್ಯಾಸಕ, ಶಿವಮೊಗ್ಗ

ಅಲ್ಲ. ಸಮತಟ್ಟಾದ ನೆಲದಿಂದ ಆ ಕೋನದ ಇಳಿಜಾರಿನ ಬುಡಕ್ಕೆ ಬಂದಾಗ ಬಂಪರು ತಾಗುವ ಮೊದಲು ಟಯರು ತಾಗುತ್ತದೆ ಎಂದಷ್ಟೇ ಅದರ ಅರ್ಥ. ಏರುವುದು ಎಂಜಿನ್ನಿನ ಎಳೆತ, ಗೇರಿನ ಅನುಪಾತ, ಟಯರಿನ ಹಿಡಿತಗಳಿಗೆ ಸೇರಿದ ವಿಷಯ. ಮಳೆಗಾಲದ ಜೇಡಿಮಣ್ಣಿನಲ್ಲಿ ಇದರ ಅರ್ಧದಷ್ಟು ಇಳಿಜಾರಿನಲ್ಲಿಯೂ ಚಕ್ರ ಜಾರಬಹುದು. ಇನ್ನೊಂದು ಮಾತು: ಈ ಕೋನಗಳನ್ನು ಗಾಡಿ ನಿಂತಿರುವಾಗ ಅಳೆಯುತ್ತಾರೆ. ಹಳ್ಳದ ದಂಡೆಗೆ ವೇಗವಾಗಿ ಬಂದು ಬ್ರೇಕ್ ಒತ್ತಿದರೆ ಮುಂದಿನ ಸ್ಪ್ರಿಂಗ್ ಕುಗ್ಗಿ ಮೂತಿ ತಗ್ಗುತ್ತದೆ, ಕಾಗದದ ಮೇಲಿನ ಕೋನ ಅಲ್ಲಿಯೇ ಕಡಿಮೆಯಾಗುತ್ತದೆ. ಲೋ ರೇಂಜ್ ಗೇರ್ (ಬಹಳ ನಿಧಾನವಾಗಿ, ಹೆಚ್ಚು ಎಳೆತದಿಂದ ನಡೆಸುವ ಗೇರು) ಇರುವ ಗಾಡಿಯ ಲಾಭ ಇಲ್ಲಿಯೂ ಇದೆ; ಕೇವಲ ಎಳೆತಕ್ಕಲ್ಲ, ಬ್ರೇಕ್ ಮುಟ್ಟದೆ ನಿಧಾನವಾಗಿ ಇಳಿಯುವುದಕ್ಕೂ ಅದು ಬೇಕು.

ತೀರ್ಥಹಳ್ಳಿ ತೋಟ

ಇಬ್ಬರಿಗೂ ಕೃತಜ್ಞತೆಗಳು. ಜೀಪಿನವರು ಕೇಳಿದ ಏರು ಅಷ್ಟು ಉದ್ದವಿಲ್ಲ, ಆದರೆ ಕೆಂಪು ಜೇಡಿಮಣ್ಣು. ಜೂನ್ ತಿಂಗಳಿನಿಂದ ಅಕ್ಟೋಬರ್‌ವರೆಗೆ ಒಣಗುವ ಮಾತೇ ಇಲ್ಲ. ನಿನ್ನೆ ಬೊಲೆರೋವನ್ನು ಕಣದಲ್ಲಿ ನಿಲ್ಲಿಸಿ ಅಳೆದು ನೋಡಿದೆ. ಅಡಿಕೆ ದಬ್ಬೆಯೊಂದನ್ನು ಹಿಂದಿನ ಟಯರಿಗೂ ಬಂಪರಿಗೂ ಒತ್ತಿ ಹಿಡಿದು, ಅದರ ಮೇಲೆ ಮೊಬೈಲನ್ನು ಇಟ್ಟು ಕೋನ ನೋಡಬಹುದು. ಬಂಪರಿಗೆ ಚೆನ್ನಾಗಿಯೇ ಬಂತು, ಆದರೆ ಟ್ರೈಲರ್ ಎಳೆಯಲು ಹಾಕಿಸಿದ ಕೊಂಡಿ ಬಂಪರಿಗಿಂತ ಕೆಳಗಿದೆ ಮತ್ತು ಹೊರಗಿದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಕೋನ ಎದ್ದು ಕಾಣುವಷ್ಟು ಕುಸಿಯುತ್ತದೆ. ಹಳ್ಳ ಏರುವಾಗ ಹಿಂದೆ ಕೇಳಿಸುತ್ತಿದ್ದ ಸದ್ದಿಗೆ ಕಾರಣ ಅದೇ ಇರಬೇಕು. ಕೊಂಡಿಯ ತುದಿಯಲ್ಲಿ ಬಣ್ಣ ಹೋಗಿ ಕಬ್ಬಿಣ ಹೊಳೆಯುತ್ತಿದೆ, ಸಂದಿಯಲ್ಲಿ ಕೆಂಪು ಮಣ್ಣು ಗಟ್ಟಿಯಾಗಿದೆ.

ಎರಡನೆಯ ವಿಷಯ, ಹೊರೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಿ 200 ಲೀಟರಿನ ಡ್ರಮ್ಮನ್ನು ತುಂಬಿ ಹಿಂದೆ ಇಡುತ್ತೇವೆ, ಜೊತೆಗೆ ಇಬ್ಬರು ಕೂರುತ್ತಾರೆ. ಕಂಪನಿಯ ಅಳತೆ ಖಾಲಿ ಗಾಡಿಯದೋ ತುಂಬಿದ್ದೋ?

ಉಪನ್ಯಾಸಕ, ಶಿವಮೊಗ್ಗ

ಕಂಪನಿಯಿಂದ ಕಂಪನಿಗೆ ಬೇರೆ. ತೆರಿಗೆಯ ವಿಷಯದಲ್ಲಿ ಮಾತ್ರ ಸ್ಪಷ್ಟತೆ ಇದೆ: ಜಿಎಸ್‌ಟಿ ಮಂಡಳಿ 2023ರ ಜುಲೈನಲ್ಲಿ ದೊಡ್ಡ ಯುಟಿಲಿಟಿ ವಾಹನಗಳ ಲಕ್ಷಣವನ್ನು ಹೇಳುವಾಗ 4 ಮೀಟರಿಗಿಂತ ಹೆಚ್ಚಿನ ಉದ್ದ, 1500 ಸಿಸಿಗಿಂತ ದೊಡ್ಡ ಎಂಜಿನ್, 170 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿನ ಗ್ರೌಂಡ್ ಕ್ಲಿಯರೆನ್ಸ್ ಎಂದಿತು, ಮತ್ತು ಆ 170 ಖಾಲಿ ವಾಹನದ ಅಳತೆ ಎಂದು ಸೇರಿಸಿತು. ಪ್ರಚಾರದ ಹಾಳೆಯಲ್ಲಿ ಯಾವುದನ್ನು ಹಾಕಿದ್ದಾರೆಂದು ಸಣ್ಣ ಅಕ್ಷರಗಳನ್ನು ಓದಿಯೇ ತಿಳಿಯಬೇಕು.

ಹೊರೆ ಹಾಕಿದಾಗ ಏನಾಗುತ್ತದೆ ಎಂಬುದು ಸಸ್ಪೆನ್ಷನ್ನಿನ ಬಗೆಯ ಮೇಲೆ ನಿಂತಿದೆ. ಇಡೀ ಆಕ್ಸಲ್ ಇರುವ ಗಾಡಿಯಲ್ಲಿ ಹೌಸಿಂಗ್ ಚಕ್ರಗಳಿಗೇ ಕಟ್ಟಿಕೊಂಡಿರುವುದರಿಂದ ಹೊರೆಗೆ ಅದು ಇಳಿಯುವುದಿಲ್ಲ, ಟಯರು ಅಮುಕಿದಷ್ಟೇ ತಗ್ಗುತ್ತದೆ. ಬಾಡಿ ಮತ್ತು ಬಂಪರು ಇಳಿಯುತ್ತವೆ, ಹಾಗಾಗಿ ಡಿಪಾರ್ಚರ್ ಕೋನ ಕುಗ್ಗುತ್ತದೆ. ನಾಲ್ಕು ಚಕ್ರಕ್ಕೂ ಸ್ವತಂತ್ರ ಸಸ್ಪೆನ್ಷನ್ ಇರುವ, ಅಂದರೆ ಪ್ರತಿ ಚಕ್ರ ಬೇರೆಬೇರೆಯಾಗಿ ಏರಿಳಿಯುವ, ಕಾರಿನಲ್ಲಿ ಎಲ್ಲವೂ ಒಟ್ಟಿಗೆ ಇಳಿಯುತ್ತವೆ. 200 ಕಿಲೋ ತೂಕದ ಡ್ರಮ್ಮು ಹಿಂದಿನ ಆಕ್ಸಲ್ಲಿಗಿಂತಲೂ ಹಿಂದಕ್ಕೆ ಕೂತರೆ ಬಾಲ ಇನ್ನಷ್ಟು ತಗ್ಗಿ ಮೂತಿ ಮೇಲೇಳುತ್ತದೆ. ಅದನ್ನು ಸೀಟಿನ ಬೆನ್ನಿಗೆ ತಾಗುವಂತೆ ಮುಂದಕ್ಕೆ ಸರಿಸಿ ಕಟ್ಟಿದರೆ ವ್ಯತ್ಯಾಸ ತಮಗೇ ಕಾಣುತ್ತದೆ. ತಾವು ದಬ್ಬೆ ಹಿಡಿದು ಅಳೆದದ್ದು ಅತ್ಯುತ್ತಮ ವಿಧಾನ. ಡ್ರಮ್ಮು ತುಂಬಿಸಿ ಇನ್ನೊಮ್ಮೆ ಅಳೆಯಿರಿ.

ಕೊಂಡಿಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಟಯರು ನೆಲ ಮುಟ್ಟುವ ಜಾಗದಿಂದ 600 ಮಿಲಿಮೀಟರ್ ಹಿಂದೆ, 400 ಮಿಲಿಮೀಟರ್ ಎತ್ತರದಲ್ಲಿ ಬಂಪರಿನ ಅಂಚು ಇದೆ ಎಂದುಕೊಳ್ಳಿ. ಕೋನ ಸುಮಾರು 34 ಡಿಗ್ರಿ. 650 ಮಿಲಿಮೀಟರ್ ಹಿಂದೆ, 300 ಎತ್ತರದಲ್ಲಿ ಒಂದು ಕೊಂಡಿ ಬಂದರೆ ಅದು 25ಕ್ಕೆ ಇಳಿಯುತ್ತದೆ. ಬಿಚ್ಚಿ ಹಾಕಬಹುದಾದ ಕೊಂಡಿ ಸಿಗುತ್ತದೆ, ಅದನ್ನೇ ಹಾಕಿಸಿ.

ಸಾಗರದ ಮೇಷ್ಟ್ರಮ್ಮ

ಡಿಪಾರ್ಚರ್ ಕೋನದ ಮಹತ್ವ ನಮ್ಮ ಕಡೆಯವರಿಗೆ ಲಾಂಚ್ (ವಾಹನಗಳನ್ನೂ ಸಾಗಿಸುವ ದೋಣಿ) ಕಲಿಸಿಕೊಟ್ಟಿದೆ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ತೆರೆಯುವವರೆಗೆ ಸಿಗಂದೂರಿಗೆ ಹೋಗುವವರೆಲ್ಲ ಶರಾವತಿ ಹಿನ್ನೀರನ್ನು ಲಾಂಚ್ ಮೇಲೆಯೇ ದಾಟುತ್ತಿದ್ದರು. ಬೇಸಗೆಯಲ್ಲಿ ನೀರು ಇಳಿದಂತೆ ದಡದ ಇಳಿಜಾರು ಉದ್ದವಾಗಿ, ಲಾಂಚಿನ ಹಲಗೆಗೂ ದಡಕ್ಕೂ ನಡುವೆ ಮಡಿಕೆ ಬೀಳುತ್ತಿತ್ತು. ಉದ್ದ ಬಾಲದ ಸೆಡಾನ್ ಕಾರುಗಳು ಹತ್ತುವಾಗ ಹಿಂದಿನ ಬಂಪರು ನೆಲಕ್ಕೆ ಉಜ್ಜುವ ಸದ್ದು ಕೇಳಿದವರಿಗೆ ಯಾವ ಪಾಠವೂ ಬೇಡ. ಹ್ಯಾಚ್‌ಬ್ಯಾಕ್ ಕಾರುಗಳು ಗ್ರೌಂಡ್ ಕ್ಲಿಯರೆನ್ಸ್ ಕಡಿಮೆಯಿದ್ದರೂ ಬಾಲ ಮೊಟಕಾದ್ದರಿಂದ ಸದ್ದಿಲ್ಲದೆ ಹತ್ತುತ್ತಿದ್ದವು.

ಸ್ಟೆಪ್ನಿಯನ್ನು ಎಲ್ಲಿ ಕಟ್ಟಿದ್ದಾರೆ ಎಂಬುದನ್ನೂ ನೋಡಬೇಕು. ಜಿಮ್ನಿ, ಥಾರ್, ಫೋರ್ಸ್ ಕಂಪನಿಯ ಗೂರ್ಖಾ, ಬೊಲೆರೋಗಳಲ್ಲಿ ಅದು ಹಿಂಬಾಗಿಲಿನ ಮೇಲಿದೆ. ಬಾಗಿಲು ತೆರೆಯಲು ತೂಕ, ಮಳೆಯಲ್ಲಿ ನೆನೆದು ಸಾಮಾನು ತೆಗೆಯಲು ಕಷ್ಟ, ಎಲ್ಲ ನಿಜ. ಆದರೆ ಗಾಡಿಯ ಅಡಿಯಲ್ಲಿ ತೂಗುಹಾಕಿದ ಸ್ಟೆಪ್ನಿ ಕಲ್ಲಿಗೆ ಸಿಗುವುದಲ್ಲದೆ, ಕೆಸರಿನಲ್ಲಿ ಪಂಕ್ಚರ್ ಆದ ದಿನ ಅದನ್ನು ಮಲಗಿ ತೆಗೆಯಬೇಕು. ಸೀರೆ ಉಟ್ಟು ಶಾಲೆಗೆ ಹೊರಟವರು ಹಾಗೆ ಮಲಗಲು ಆಗುವುದಿಲ್ಲ.

ಯಾರೂ ಹೇಳದಿರುವ ಇನ್ನೊಂದು ಅಳತೆ ಅಗಲ. ನಮ್ಮ ಒಳರಸ್ತೆಗಳಲ್ಲಿ ಎದುರಿಗೆ ಪಿಕಪ್ ಬಂದರೆ ಒಬ್ಬರು ಧರೆಗೆ ಒರಗಬೇಕು. ಜಿಮ್ನಿಯ ಅಗಲ 1645 ಮಿಲಿಮೀಟರ್, ಬೊಲೆರೋ 1745, ಥಾರ್ 1820, ರಾಕ್ಸ್ 1870. ಈ ಒಂದು ಗೇಣಿನ ವ್ಯತ್ಯಾಸ ಪೇಟೆಯ ರಸ್ತೆಯಲ್ಲಿ ಗಮನಕ್ಕೂ ಬರುವುದಿಲ್ಲ. ಚರಂಡಿಯ ಅಂಚಿನಲ್ಲಿ ಹಿಂದಕ್ಕೆ ತೆಗೆಯುವಾಗ ಎದ್ದು ಕಾಣುತ್ತದೆ.

ನಿಟ್ಟೂರು ಜೀಪು

ಅಮ್ಮ ಹೇಳಿದ್ದು ಸರಿ, ಆದರೆ ಕಿರಿದಾದ ಗಾಡಿಗೆ ಜಾಡಿನ ರಸ್ತೆಯಲ್ಲಿ ಬೇರೆಯೇ ತೊಂದರೆಯಿದೆ. ಟ್ರ್ಯಾಕ್ಟರು, ಪಿಕಪ್‌ಗಳ ಜಾಡಿಗೆ ಜಿಮ್ನಿಯ ಎಡ, ಬಲ ಚಕ್ರಗಳ ನಡುವಿನ ಅಂತರ ಹೊಂದುವುದಿಲ್ಲ. ಅದು 1400ರ ಆಸುಪಾಸು, ಥಾರಿನದು 1520. ಒಂದು ಚಕ್ರ ಜಾಡಿನಲ್ಲಿ, ಇನ್ನೊಂದು ನಡುದಿಣ್ಣೆಯ ಮೇಲೆ ನಡೆಯುತ್ತದೆ. ಒಂದು ರೀತಿಯಲ್ಲಿ ಒಳ್ಳೆಯದೇ, ಹೌಸಿಂಗ್ ಉಜ್ಜುವುದು ತಪ್ಪುತ್ತದೆ. ಆದರೆ ಗಾಡಿ ಒಂದು ಬದಿಗೆ ವಾಲಿಕೊಂಡೇ ಏರಬೇಕು, ಮತ್ತು ದಿಣ್ಣೆಯಿಂದ ಜಾರಿದಾಗ ಸ್ಟಿಯರಿಂಗ್ ಕೈಯನ್ನು ಒದೆಯುತ್ತದೆ. ಹೊಸಬರು ಹೆಬ್ಬೆರಳನ್ನು ಸ್ಟಿಯರಿಂಗ್ ಒಳಗೆ ಸುತ್ತಿ ಹಿಡಿಯಬಾರದು ಎಂದು ನಾವು ಹೇಳುವುದು ಅದಕ್ಕೇ.

ಅಡ್ಡ ಒಡ್ಡನ್ನು ನೇರವಾಗಿ ದಾಟದೆ ಓರೆಯಾಗಿ ದಾಟಿದರೆ ಹೊಟ್ಟೆ ತಾಗುವುದು ಕಡಿಮೆಯಾಗುತ್ತದೆ. ಚಕ್ರಗಳು ಒಂದೊಂದಾಗಿ ಏರುತ್ತವೆ. ಇಲ್ಲಿ ಆಕ್ಸಲ್ ಎಷ್ಟು ತಿರುಚಿಕೊಳ್ಳುತ್ತದೆ ಎಂಬುದು ಮುಖ್ಯ. ಇಡೀ ಆಕ್ಸಲ್ ತಕ್ಕಡಿಯ ದಂಡಿಗೆಯಂತೆ. ಒಂದು ಕಡೆ ಚಕ್ರ ಎದ್ದರೆ ಇನ್ನೊಂದು ಕಡೆಯದು ನೆಲಕ್ಕೆ ಒತ್ತಿಕೊಳ್ಳುತ್ತದೆ. ಸ್ವತಂತ್ರ ಸಸ್ಪೆನ್ಷನ್ನಿನ ಕಾರಿನಲ್ಲಿ ಮೂಲೆಯ ಚಕ್ರ ಗಾಳಿಯಲ್ಲಿ ತೇಲಿ, ಎಂಜಿನ್ನಿನ ಶಕ್ತಿಯೆಲ್ಲ ಆ ಚಕ್ರವನ್ನು ಸುಮ್ಮನೆ ತಿರುಗಿಸುವುದಕ್ಕೆ ಹೋಗುತ್ತದೆ. ಹಾಗಾದಾಗ ಡಿಫ್ ಲಾಕ್ (ಎರಡೂ ಬದಿಯ ಚಕ್ರಗಳು ಒಟ್ಟಿಗೇ ತಿರುಗುವಂತೆ ಕಟ್ಟುವ ಬೀಗ) ಇರಬೇಕು, ಇಲ್ಲವೇ ಬ್ರೇಕಿನ ಮೂಲಕ ತೇಲುವ ಚಕ್ರವನ್ನು ಹಿಡಿಯುವ ವ್ಯವಸ್ಥೆ ಇರಬೇಕು. ಗೂರ್ಖಾದಲ್ಲಿ ಮುಂದೆ, ಹಿಂದೆ ಎರಡಕ್ಕೂ ಲಾಕ್ ಇದೆ. ಜಿಮ್ನಿಯಲ್ಲಿ ಬ್ರೇಕಿನ ವ್ಯವಸ್ಥೆ, ಆದರೆ ಮುಂದೆಯೂ ಹಿಂದೆಯೂ ಇಡೀ ಆಕ್ಸಲ್ ಇರುವುದರಿಂದ ಚಕ್ರ ತೇಲುವುದೇ ಕಡಿಮೆ.

ಹೊಸನಗರದ ಹುಡುಗ

ಇಷ್ಟೆಲ್ಲ ಲೆಕ್ಕ ಏಕೆ? ಎರಡು ಇಂಚು ಲಿಫ್ಟ್ ಕಿಟ್ ಹಾಕಿ, ದೊಡ್ಡ ಟಯರು ಕಟ್ಟಿಸಿ, ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಿದರೆ ಯಾವ ಗಾಡಿಯಾದರೂ ಹೋಗುತ್ತದೆ.

ಆಟೋ ಕಾಂಪ್ಲೆಕ್ಸ್

ತಮ್ಮಾ, ಇಂಥ ಕೆಲಸ ಮಾಡಿಸಿಕೊಂಡ ಗಾಡಿಗಳು ಮತ್ತೆ ನನ್ನ ಶೆಡ್ಡಿಗೇ ಬರುತ್ತವೆ, ಆದ್ದರಿಂದ ಇದಕ್ಕೆ ನಾನು ಉತ್ತರಿಸುವುದು ಸರಿ.

ಲಿಫ್ಟ್ ಕಿಟ್ ಬಾಡಿಯನ್ನು ಮೇಲೆತ್ತುತ್ತದೆ. ಮೂರೂ ಕೋನಗಳು ಹೆಚ್ಚುತ್ತವೆ. ಆದರೆ ಇಡೀ ಆಕ್ಸಲ್ಲಿನ ಗಾಡಿಯಲ್ಲಿ ಹೌಸಿಂಗ್ ಇದ್ದಲ್ಲಿಯೇ ಇರುತ್ತದೆ. ಜಾಡಿನ ನಡುದಿಣ್ಣೆಗೆ ಉಜ್ಜುವುದು ನಿಲ್ಲುವುದಿಲ್ಲ. ಹೌಸಿಂಗ್ ಏರಬೇಕೆಂದರೆ ಟಯರಿನ ವ್ಯಾಸ ಹೆಚ್ಚಬೇಕು, ಅದೂ ಹೆಚ್ಚಿದ್ದರಲ್ಲಿ ಅರ್ಧದಷ್ಟು ಮಾತ್ರ. ಜಿಮ್ನಿಗೆ ಕಂಪನಿ ಕೊಡುವ 195/80 ಆರ್15 ಟಯರಿನ ವ್ಯಾಸ 693 ಮಿಲಿಮೀಟರ್. ಎಲ್ಲರೂ ಹಾಕಿಸುವ 215/75 ಆರ್15ರ ವ್ಯಾಸ 703 ಅಥವಾ 704. ಹತ್ತು ಮಿಲಿಮೀಟರ್ ಹೆಚ್ಚಿತು, ಹೌಸಿಂಗ್ ಏರಿದ್ದು ಐದು. ನೋಡಲು ದಪ್ಪಗೆ ಕಾಣುತ್ತದೆ, ಹಣ ಹೋಗುತ್ತದೆ, ಕಲ್ಲಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಇನ್ನೂ ದೊಡ್ಡದು ಹಾಕಿದರೆ ಸ್ಟಿಯರಿಂಗ್ ತಿರುಗಿಸಿದಾಗ ಮಡ್‌ಗಾರ್ಡಿಗೆ ಉಜ್ಜುತ್ತದೆ, ಸ್ಪೀಡೋಮೀಟರ್ ಕಡಿಮೆ ತೋರಿಸುತ್ತದೆ, ಏರಿನಲ್ಲಿ ಗೇರು ಭಾರವಾಗುತ್ತದೆ.

ಮುಂದಿನ ಕಬ್ಬಿಣದ ಗಾರ್ಡ್ ಚಕ್ರದ ಮುಂದಕ್ಕೆ ಇನ್ನಷ್ಟು ಚಾಚಿಕೊಂಡು ಅಪ್ರೋಚ್ ಕೋನವನ್ನೇ ತಿನ್ನುತ್ತದೆ. ಅಲ್ಲದೆ ಅದು ಕಾನೂನಿಗೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ಬರೆದಿದೆ. ಕಂಪನಿಯ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಬಗ್ಗೆ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅಪಘಾತವಾದ ದಿನ ವಿಮೆಯವರು ಮೊದಲು ನೋಡುವುದು ಇದನ್ನೇ.

ಹಣ ಖರ್ಚು ಮಾಡಲೇಬೇಕೆಂದಿದ್ದರೆ ಅಡಿಗಾರ್ಡಿಗೆ ಮಾಡಿ. ನಮ್ಮಲ್ಲಿಗೆ ಬರುವ ದೊಡ್ಡ ರಿಪೇರಿ ಎಂದರೆ ಚೇಂಬರ್ ಒಡೆದದ್ದು. ಎಂಜಿನ್ ಆಯಿಲ್ ಇರುವ ಆ ತಟ್ಟೆ ಮುಂದಿನ ಚಕ್ರಗಳ ನಡುವೆ ತಗ್ಗಿನಲ್ಲಿದೆ. ಅದನ್ನು ಕಂಪನಿ ಒಂದು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿದ್ದರೆ ಜಂಬಿಟ್ಟಿಗೆ ಕಲ್ಲಿನ ಒಂದು ಮೂಲೆ ಸಾಕು. ಕಲ್ಲು ತಾಗಿದ್ದು ಚಾಲಕನಿಗೆ ಕೇಳಿಸಿರುತ್ತದೆ, ಇಳಿದು ನೋಡಿರುವುದಿಲ್ಲ. ಆಯಿಲ್ ಹನಿಯುತ್ತಾ ಹೋಗಿ, ಕೆಂಪು ದೀಪ ಹತ್ತಿದ ಮೇಲೂ ಮನೆ ಇಲ್ಲಿಯೇ ಇದೆಯಲ್ಲ ಎಂದು ಓಡಿಸಿ, ಕೊನೆಗೆ ಎಂಜಿನ್ ಹಿಡಿದುಕೊಳ್ಳುತ್ತದೆ. ಗಟ್ಟಿ ಲೋಹದ ತಟ್ಟೆ ಹಾಕಿಸುವಾಗ ಆಯಿಲ್ ಬಿಡುವ ನಟ್ಟಿಗೆ ಕೈ ಹೋಗುವಷ್ಟು ಕಿಂಡಿ ಇರಲಿ, ಗಾಳಿಯಾಡುವಂತೆ ಇರಲಿ. ಅದು ತಗ್ಗಿಸುವ ಹತ್ತು ಮಿಲಿಮೀಟರನ್ನು ಧಾರಾಳವಾಗಿ ಕೊಡಬಹುದು.

ಉಪನ್ಯಾಸಕ, ಶಿವಮೊಗ್ಗ

ಲಿಫ್ಟ್ ಬಗ್ಗೆ ಒಂದು ಲೆಕ್ಕ. ಗಾಡಿ ಪಕ್ಕಕ್ಕೆ ವಾಲಿದಾಗ ಉರುಳುವ ಕೋನ ಎಡ, ಬಲ ಚಕ್ರಗಳ ನಡುವಿನ ಅಂತರವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಸಿಗುತ್ತದೆ. ಆ ಭಾಗಲಬ್ಧ ಕೋನದ ಟ್ಯಾನ್ ಬೆಲೆ. ಅಂತರ 1400, ಎತ್ತರ 700 ಎಂದು ಉದಾಹರಣೆಗೆ ಇಟ್ಟುಕೊಂಡರೆ 45 ಡಿಗ್ರಿ. ಎತ್ತರವನ್ನು 50 ಮಿಲಿಮೀಟರ್ ಹೆಚ್ಚಿಸಿದರೆ 43. ಎರಡೇ ಡಿಗ್ರಿ ಎನ್ನಿಸಬಹುದು, ಆದರೆ ಇದು ನಿಂತ ಗಾಡಿಯ ಕಾಗದದ ಲೆಕ್ಕ. ಸ್ಪ್ರಿಂಗ್ ಮತ್ತು ಟಯರು ಇಳಿಬದಿಗೆ ಕುಗ್ಗುವುದರಿಂದ ನಿಜವಾದ ಮಿತಿ ಇದಕ್ಕಿಂತ ಸಾಕಷ್ಟು ಕಡಿಮೆ, ಮತ್ತು ಕ್ಯಾರಿಯರ್ ಮೇಲೆ ಹುಲ್ಲಿನ ಹೊರೆ ಇದ್ದರೆ ಇನ್ನೂ ಕಡಿಮೆ. ಜೀಪಿನವರು ಹೇಳಿದ ವಾಲಿಕೊಂಡು ಏರುವ ಜಾಗದಲ್ಲಿ ಇದು ಮುಖ್ಯ.

ಸಾಗರದ ಮೇಷ್ಟ್ರಮ್ಮ

ಹಳ್ಳದಲ್ಲಿ ನೀರಿರುವಾಗ? ಥಾರ್‌ಗೆ 650 ಮಿಲಿಮೀಟರ್, ಗೂರ್ಖಾಕ್ಕೆ 700 ಮಿಲಿಮೀಟರ್ ನೀರಿನಲ್ಲಿ ಹೋಗುವ ಸಾಮರ್ಥ್ಯ ಎಂದು ಕಂಪನಿಗಳು ಹೇಳುತ್ತವೆಯಲ್ಲ.

ನಿಟ್ಟೂರು ಜೀಪು

ಅದು ನಿಂತ ನೀರಿನ ಮಾತು ಅಮ್ಮ. ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿ ಎಷ್ಟು ಎತ್ತರದಲ್ಲಿದೆ ಎಂಬುದರ ಮೇಲೆ ಆ ಸಂಖ್ಯೆ ನಿಂತಿದೆ. ಜುಲೈ ತಿಂಗಳಿನಲ್ಲಿ ನಮ್ಮ ಹಳ್ಳಗಳ ನೀರು ಓಡುವ ನೀರು. ಮೊಣಕಾಲು ಮುಟ್ಟುವಷ್ಟಿದ್ದರೂ ಹಗುರ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಅಡಿಯಲ್ಲಿದ್ದ ಕಲ್ಲು ನಿನ್ನೆ ಇದ್ದಲ್ಲಿ ಇಂದು ಇರುವುದಿಲ್ಲ. ನೀರು ಕೆಂಪಾಗಿ ಅಡಿ ಕಾಣದಿದ್ದರೆ ಗಾಡಿಯನ್ನು ಈಚೆಯೇ ನಿಲ್ಲಿಸಿ ಕಾಲುಸಂಕದ ಮೇಲೆ ನಡೆದು ಹೋಗುವುದು.

ತೀರ್ಥಹಳ್ಳಿ ತೋಟ

ಇಷ್ಟು ಓದಿದ ಮೇಲೆ ನನ್ನ ಆಯ್ಕೆ ಎರಡಕ್ಕೆ ಇಳಿದಿದೆ: ಐದು ಬಾಗಿಲಿನ ಜಿಮ್ನಿ ಅಥವಾ ರಾಕ್ಸ್‌ನ ನಾಲ್ಕು ಚಕ್ರದ ಎಳೆತದ ಮಾದರಿ. ಡ್ರಮ್ಮು ಹಾಗೂ ಮನೆಮಂದಿಗೆ ಎರಡನೆಯದು ಸರಿ, ಏರಿನ ಧರೆಗೆ ಮೊದಲನೆಯದು ಸರಿ. ಬ್ರೇಕೋವರ್ ಎರಡಕ್ಕೂ 24ರ ಆಸುಪಾಸಿನಲ್ಲಿಯೇ ಇದೆ. ಹಾಗಾದರೆ ಒಡ್ಡನ್ನೇ ಸರಿಪಡಿಸುವುದು ಮೇಲಲ್ಲವೇ? ಎಷ್ಟು ಇಳಿಜಾರು ಕೊಡಬೇಕು?

ಉಪನ್ಯಾಸಕ, ಶಿವಮೊಗ್ಗ

ಖಂಡಿತ ಮೇಲು. ಈಗ ತಮ್ಮ ಒಡ್ಡಿನ ಬುಡ ಒಂದು ಮೀಟರ್, ಅಂದರೆ ಪ್ರತಿ ಬದಿಗೆ ಅರ್ಧ ಮೀಟರಿನಲ್ಲಿ ಸುಮಾರು 240 ಮಿಲಿಮೀಟರ್ ಏರಿಕೆ. ಅದು ಪ್ರತಿ ಬದಿಗೆ 25 ಡಿಗ್ರಿಗೂ ಹೆಚ್ಚು. ನೆತ್ತಿಯಲ್ಲಿ ಒಟ್ಟು ಮಡಿಕೆ 50 ಡಿಗ್ರಿ ದಾಟುತ್ತದೆ. ಬೊಲೆರೋ ದಾಟುತ್ತಿರುವುದು ಕೋನದ ಬಲದಿಂದಲ್ಲ, ಒಡ್ಡು ಪೂರ್ತಿಯಾಗಿ ಚಕ್ರಗಳ ನಡುವೆ ಅಡಗುವಷ್ಟು ಕಿರಿದಾಗಿದ್ದು ಹೊಟ್ಟೆ ಅದಕ್ಕಿಂತ ಮೇಲಿರುವುದರಿಂದ. ಎತ್ತರವನ್ನು ಹಾಗೆಯೇ ಉಳಿಸಿಕೊಂಡು ಎರಡೂ ಬದಿಗೆ ಮೂರು ಮೀಟರಿನವರೆಗೆ ಮಣ್ಣನ್ನು ಹರಡಿ ದಮ್ಮಸು ಮಾಡಿಸಿದರೆ ಪ್ರತಿ ಬದಿಯ ಇಳಿಜಾರು 5 ಡಿಗ್ರಿಯ ಒಳಗೆ ಬರುತ್ತದೆ, ಒಟ್ಟು ಮಡಿಕೆ 10 ಡಿಗ್ರಿಯ ಒಳಗೆ. ತಮ್ಮ ಷಡ್ಡಕರ ಕಾರು ಕೂಡ ಬರುತ್ತದೆ. ನೀರು ತಿರುಗುವುದು ಒಡ್ಡಿನ ಎತ್ತರದಿಂದ, ಅದರ ಕಡಿದಿನಿಂದಲ್ಲ.

ನಿಟ್ಟೂರು ಜೀಪು

ಒಡ್ಡನ್ನು ರಸ್ತೆಗೆ ಸ್ವಲ್ಪ ಓರೆಯಾಗಿ, ಇಳಿಬದಿಯ ಚರಂಡಿಯ ಕಡೆಗೆ ವಾಲಿಸಿ ಹಾಕಿಸಿ, ಇಲ್ಲದಿದ್ದರೆ ಅದರ ಹಿಂದೆ ನೀರು ನಿಂತು ಕೆಸರಾಗುತ್ತದೆ. ಬಹಳ ಓರೆ ಬೇಡ, ಡ್ರಮ್ಮು ತುಂಬಿದ ಗಾಡಿ ಅಲ್ಲಿ ಎಡಕ್ಕೂ ಬಲಕ್ಕೂ ತೂಗಾಡುತ್ತದೆ. ಜೆಸಿಬಿಯನ್ನು ದೀಪಾವಳಿ ಕಳೆದು ಮಣ್ಣು ಅರೆ ಒಣಗಿದಾಗ ಕರೆಸಿ. ಪೂರ್ತಿ ಒಣಗಿದ ಮೇಲೆ ಹಾಕಿದ ಮಣ್ಣು ಕೂರುವುದಿಲ್ಲ, ಮೊದಲ ಮಳೆಗೇ ತೊಳೆದುಹೋಗುತ್ತದೆ. ಜೆಸಿಬಿ ಬಂದ ದಿನವೇ ಏರಿನ ನಡುದಿಣ್ಣೆಯನ್ನೂ ಕೆರೆಸಿಬಿಡಿ.

ತೀರ್ಥಹಳ್ಳಿ ತೋಟ

ಹಾಗೆಯೇ ಮಾಡುತ್ತೇನೆ. ಶೋರೂಮಿನವರನ್ನು ಕೇಳಿದ್ದಕ್ಕೆ ಟೆಸ್ಟ್ ಡ್ರೈವ್ ಗಾಡಿಯನ್ನು ಮಣ್ಣಿನ ರಸ್ತೆಗೆ ತರಲು ಒಪ್ಪಲಿಲ್ಲ. ದಬ್ಬೆ ತಂದು ಅಲ್ಲಿಯೇ ಅಳೆಯಬಹುದೇ ಎಂದರೆ ಬಣ್ಣಕ್ಕೆ ಗೀರು ಬೀಳದಿದ್ದರೆ ಅಡ್ಡಿಯಿಲ್ಲ ಎಂದಿದ್ದಾರೆ. ದಬ್ಬೆಯ ತುದಿಗೆ ಬಟ್ಟೆ ಸುತ್ತಿಕೊಂಡು ಸೋಮವಾರ ಶಿವಮೊಗ್ಗಕ್ಕೆ ಹೋಗುವವನಿದ್ದೇನೆ. ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ ಎರಡೂ ಗಾಡಿಗಳ ಡಿಪಾರ್ಚರ್ ಅಳೆದು ಇಲ್ಲಿ ಹಾಕುತ್ತೇನೆ.